ಹಳೇ ಬಿಎಸ್‌ಎ ಬೈಕನ್ನು ದೂರದ ದಾರಿಗೆ ಮತ್ತೆ ಕಟ್ಟುವುದು ಹೇಗೆ: ಮೈಸೂರು ಕಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಹಳೇ ಬ್ರಿಟಿಷ್ ಬೈಕ್ ಕೈಗೆ ಬಂದರೆ ಹೆಚ್ಚಿನವರು ಮೊದಲು ಟ್ಯಾಂಕ್ ಬಿಚ್ಚಿ ಪೇಂಟಿಂಗ್‌ಗೆ ಕೊಡುತ್ತಾರೆ, ರಿಮ್ ಕ್ರೋಮ್‌ಗೆ ಕಳಿಸುತ್ತಾರೆ. ಅರ್ಧ ದುಡ್ಡು ಅಲ್ಲೇ ಮುಗಿಯುತ್ತದೆ. ಆಮೇಲೆ ಎಂಜಿನ್‌ಗೆ ಹೊಸ ಪ್ಯಾಕಿಂಗ್ ಹಾಕಿ, ಸ್ಟಾರ್ಟ್ ಮಾಡಿ, ಅರಮನೆ ಮುಂದೆ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅಷ್ಟೇ ಸಾಕು ಅನ್ನುವವರಿಗೆ ಅದೂ ಸರಿಯೇ. ಆದರೆ ಅದೇ ಗಾಡಿಯಲ್ಲಿ ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಮಂಗಳೂರು ಮುಟ್ಟಿ ವಾಪಸ್ ಬರಬೇಕು ಅಂದರೆ ಕೆಲಸದ ಕ್ರಮವೇ ಬೇರೆ. ಮೊದಲು ಆಯಿಲ್, ಆಮೇಲೆ ಸ್ಪಾರ್ಕ್, ಬೇರಿಂಗ್, ಬ್ರೇಕ್, ವೈರಿಂಗ್. ಬಣ್ಣ ಕೊನೆಗೆ, ದುಡ್ಡು ಉಳಿದರೆ.

ಇನ್ನೊಂದು ನಿಯಮ ಈಗಲೇ ಹೇಳಿಬಿಡುತ್ತೇನೆ. ದಾರಿಯಲ್ಲಿ ಕೈಕೊಡಬಹುದಾದ ಯಾವ ಭಾಗವೂ ದಾರಿಯಲ್ಲೇ ರಿಪೇರಿ ಆಗುವಂತಿರಬೇಕು. ಹೊಸ ಸಾಮಾನು ಹಾಕುವಾಗಲೆಲ್ಲ ಈ ಪ್ರಶ್ನೆ ಕೇಳಿಕೊಳ್ಳಿ: ಇದು ಗುಂಡ್ಲುಪೇಟೆ ದಾಟಿದ ಮೇಲೆ ಕೆಟ್ಟರೆ ಏನು ಮಾಡ್ತೀನಿ?

ಯಾವ ಗಾಡಿ

ಇಲ್ಲಿ ಬಿಎಸ್‌ಎ ಬಿ31 ಗಾಡಿಯನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಬರ್ಮಿಂಗ್‌ಹ್ಯಾಮ್‌ನ ಸ್ಮಾಲ್ ಹೀತ್ ಕಾರ್ಖಾನೆಯಲ್ಲಿ 1945ರಿಂದ 1959ರವರೆಗೆ ತಯಾರಾದ ಗಾಡಿ ಇದು. ಒಂದೇ ಸಿಲಿಂಡರ್, 348 ಸಿಸಿ, 71 ಮಿ.ಮೀ. ಬೋರ್, 88 ಮಿ.ಮೀ. ಸ್ಟ್ರೋಕ್, ಸುಮಾರು 17 ಎಚ್‌ಪಿ. ಇದರ ಅಣ್ಣ 499 ಸಿಸಿಯ ಬಿ33. ಯುದ್ಧಕಾಲದ ಎಂ20 ಕೂಡ ಇದೇ ಮನೆತನದ್ದು. ಆದರೆ ಅದು ಸೈಡ್ ವಾಲ್ವ್ (ವಾಲ್ವ್ ಹೆಡ್ಡಿನಲ್ಲಲ್ಲ, ಸಿಲಿಂಡರ್ ಪಕ್ಕದಲ್ಲಿ), ಬರೀ 13 ಎಚ್‌ಪಿ. ಘಾಟಿಯಲ್ಲಿ ಲಾರಿ ಹಿಂದೆಯೇ ಹೋಗುವ ತಾಳ್ಮೆ ಬೇಕು. ಕೆಳಗೆ ಹೇಳುವ ಕ್ರಮ ಮೂರಕ್ಕೂ ಒಗ್ಗುತ್ತದೆ.

ಮದ್ರಾಸಿನಲ್ಲಿ 1955ರಿಂದ ಜೋಡಣೆಯಾದ ಎನ್‌ಫೀಲ್ಡ್ ಬುಲೆಟ್ ಸಹ ಮೂಲದಲ್ಲಿ ಬ್ರಿಟಿಷ್ ಗಾಡಿಯೇ. ಸಾಮಾನು ಊರಲ್ಲೇ ಸಿಗಬೇಕು ಅನ್ನುವವರು ಕಣ್ಣು ಮುಚ್ಚಿ ಅದನ್ನೇ ಹಿಡಿಯಿರಿ. ಬಿಎಸ್‌ಎ ಸಾಮಾನನ್ನು ಹೆಚ್ಚಾಗಿ ಇಂಗ್ಲೆಂಡಿನಿಂದ ತರಿಸಬೇಕು. ಕಸ್ಟಮ್ಸ್ ಸುಂಕ ಸೇರಿಸಿಯೇ ಬಜೆಟ್ ಹಾಕಿ.

ಕೊಳ್ಳುವಾಗ ತುಕ್ಕಿಗೆ ಹೆದರಬೇಡಿ, ಇಲ್ಲದ ಸಾಮಾನಿಗೆ ಹೆದರಿ. ತುಕ್ಕು ಹಿಡಿದಿದ್ದರೂ ಮ್ಯಾಗ್ನೆಟೊ (ಬ್ಯಾಟರಿ ಇಲ್ಲದೆಯೇ ಸ್ಪಾರ್ಕ್ ಕೊಡುವ ಸಾಧನ), ಕಾರ್ಬುರೇಟರ್, ಆಯಿಲ್ ಪಂಪ್, ಗೇರ್‌ಬಾಕ್ಸ್ ಎಲ್ಲ ಇರುವ ಗಾಡಿ, ಥಳಥಳ ಹೊಳೆಯುವ ಅರೆಬರೆ ಗಾಡಿಗಿಂತ ಅಗ್ಗಕ್ಕೆ ಬೀಳುತ್ತದೆ. ಸಣ್ಣ ಸಣ್ಣ ಬ್ರಾಕೆಟ್, ಲಿವರ್, ಮುಚ್ಚಳಗಳನ್ನು ಹುಡುಕುವುದರಲ್ಲೇ ವರ್ಷ ಕಳೆದವರಿದ್ದಾರೆ.

ಆರ್‌ಸಿ ನೋಡದೆ ಅಡ್ವಾನ್ಸ್ ಕೊಡಬೇಡಿ

ಬಿಎಸ್‌ಎಯ ಈ ಹಳೇ ಗಾಡಿಗಳಲ್ಲಿ ಎಂಜಿನ್ ನಂಬರ್ ಮತ್ತು ಫ್ರೇಮ್ ನಂಬರ್ ಒಂದೇ ಇರುವುದಿಲ್ಲ. ಕಾರ್ಖಾನೆಯಿಂದಲೇ ಹಾಗೆ ಬಂದಿದೆ. ಎರಡೂ ಬೇರೆ ಇದೆ ಅಂತ ಗಾಬರಿ ಬೇಡ. ಆದರೆ ಎರಡೂ ಆರ್‌ಸಿಯಲ್ಲಿರುವ ನಂಬರಿಗೆ ಅಕ್ಷರಕ್ಕೆ ಅಕ್ಷರ ಹೊಂದಲೇಬೇಕು. ತಿದ್ದಿದ, ಉಜ್ಜಿದ ಗುರುತಿದ್ದರೆ ಬಿಟ್ಟು ಬನ್ನಿ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಅನ್ನುವ ನಿಯಮ ತಂದಿತು. ಕೇಳಲು ಗತ್ತಾಗಿದೆ. ಆದರೆ ಆ ನೋಂದಣಿಯಲ್ಲಿ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ ಅವಕಾಶ ಇಲ್ಲ. ಹಾಗಾಗಿ ದೂರದ ಸವಾರಿ ಆಸೆ ಇರುವವರು ಮಾಮೂಲಿ ಆರ್‌ಸಿಯನ್ನೇ ಜೀವಂತ ಇಟ್ಟುಕೊಳ್ಳುವುದು ಒಳ್ಳೆಯದು. ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮೈಸೂರು ಪಶ್ಚಿಮದವರಿಗೆ ಕೆಎ 09, ಪೂರ್ವದವರಿಗೆ ಕೆಎ 55, ಮಂಡ್ಯದವರಿಗೆ ಕೆಎ 11 ಕಚೇರಿ.

ಪಾನಾ ಮತ್ತು ಮೆಕ್ಯಾನಿಕ್

ಈ ಗಾಡಿಯ ನಟ್ಟುಗಳು ಮಿಲಿಮೀಟರ್ ಲೆಕ್ಕದವಲ್ಲ, ವಿಟ್‌ವರ್ತ್ ಅನ್ನುವ ಹಳೇ ಬ್ರಿಟಿಷ್ ಇಂಚಿನ ಲೆಕ್ಕದವು. ಪಾನಾ ಮೇಲೆ ಬರೆದ ಅಳತೆ ನಟ್ಟಿನ ಅಗಲದ್ದಲ್ಲ, ಬೋಲ್ಟಿನ ದಪ್ಪದ್ದು. ಕಾಲಿಂಚು ವಿಟ್‌ವರ್ತ್ ಅಂದರೆ ಬಾಯಿ ಅಗಲ ಸುಮಾರು 13.3 ಮಿ.ಮೀ. 13ರ ಪಾನಾ ಒಳಗೆ ಹೋಗುವುದಿಲ್ಲ, 14ರದು ನಟ್ಟಿನ ಮೂಲೆ ತಿನ್ನುತ್ತದೆ. ಮೊದಲ ಖರ್ಚು ಒಂದು ಸೆಟ್ ವಿಟ್‌ವರ್ತ್ ಪಾನಾ, ಸಾಕೆಟ್. ಥ್ರೆಡ್ಡುಗಳಲ್ಲೂ ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್), ಸೈಕಲ್ ಥ್ರೆಡ್ ಅಂತ ಬೇರೆ ಬೇರೆ ಇವೆ. ಬೋಲ್ಟ್ ಬಿಗಿಯಾಗುತ್ತಿದೆ ಅನ್ನಿಸಿದರೆ ಬಲ ಹಾಕಬೇಡಿ. ತಪ್ಪು ಥ್ರೆಡ್ ಇರಬಹುದು.

ಮೈಸೂರಿನವರಿಗೆ ಒಂದು ಅನುಕೂಲ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದು ಬೆಳೆಸಿದ ಕೈಗಳು ಊರಲ್ಲಿವೆ. ಸ್ಪೋಕ್ ಕಟ್ಟುವುದು, ರಿಮ್ ಬೆಂಡ್ ತೆಗೆಯುವುದು, ಬುಷ್ ತಿರುಗಿಸುವುದು, ಹಳೇ ಕ್ರ್ಯಾಂಕ್‌ಗೆ ಕನ್‌ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ದಂಡ) ಹಾಕುವುದು ಇದಕ್ಕೆಲ್ಲ ಪಳಗಿದ ಜನ ಸಿಗುತ್ತಾರೆ. ಲೇತ್ ಕೆಲಸಕ್ಕೆ ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳಿವೆ. ಒಂದು ಎಚ್ಚರಿಕೆ ಮಾತ್ರ. ಜಾವಾ ಟೂ ಸ್ಟ್ರೋಕ್. ಅದರಲ್ಲಿ ಆಯಿಲ್ ಪಂಪ್ ಇಲ್ಲ, ವಾಲ್ವ್ ಇಲ್ಲ. ಎಷ್ಟೇ ಒಳ್ಳೆಯ ಜಾವಾ ಮೆಕ್ಯಾನಿಕ್ ಆದರೂ ಬಿಎಸ್‌ಎ ಎಂಜಿನ್ ಕೊಡುವಾಗ ಕೈಪಿಡಿಯ ಪ್ರತಿ ಜೊತೆಗಿಡಿ, ಪಕ್ಕದಲ್ಲಿ ಕೂತು ನೋಡಿ.

ಬಿಚ್ಚುವ ಮೊದಲು ಫೋಟೊ ತೆಗೆಯಿರಿ ಅಂತ ಹೇಳಬೇಕಾಗಿಲ್ಲ. ವಾಷರ್‌ಗಳು ಯಾವ ಕ್ರಮದಲ್ಲಿ ಕೂತಿದ್ದವೋ ಅದೇ ಕ್ರಮದಲ್ಲಿ ತಂತಿಗೆ ಪೋಣಿಸಿಡಿ.

ಎಂಜಿನ್ ಕೆಳಭಾಗ

ಜಾಸ್ತಿ ಸಮಯ ಇಲ್ಲಿಗೇ ಕೊಡಿ. ಎಂಜಿನ್ ಚೆನ್ನಾಗಿ ಓಡುತ್ತಿದೆ ಅಂತ ಮಾರಿದವರು ಹೇಳಿದ್ದರೂ ಕ್ರ್ಯಾಂಕ್ ಕೇಸ್ ತೆರೆಯಲೇಬೇಕು. ಊರೊಳಗೆ ಹತ್ತು ಕಿ.ಮೀ. ಓಡುವ ಬಿಗ್ ಎಂಡ್ ಬೇರಿಂಗ್ (ಕನ್‌ರಾಡಿನ ಕೆಳತುದಿಯ ಬೇರಿಂಗ್), ಬಿಸಿಲಲ್ಲಿ ಎರಡು ಗಂಟೆ ಒಂದೇ ವೇಗದಲ್ಲಿ ಓಡಿದಾಗ ಬಾಯಿಬಿಡುತ್ತದೆ.

ಹೆಡ್, ಬ್ಯಾರೆಲ್ ತೆಗೆದ ಮೇಲೆ ಕನ್‌ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ. ಮೇಲೆ ಕೆಳಗೆ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಬಿಗ್ ಎಂಡ್ ಹೋಗಿದೆ. ದೂರದ ಸವಾರಿಗೆ ಕಟ್ಟುತ್ತಿದ್ದರೆ ಅನುಮಾನ ಇದ್ದರೂ ಸಾಕು, ಬದಲಿಸಿಬಿಡಿ. ಫ್ಲೈವೀಲ್ ಬಿಚ್ಚಿದಾಗ ಕ್ರ್ಯಾಂಕ್ ಪಿನ್ನಿಗೆ ಆಯಿಲ್ ಹೋಗುವ ರಂಧ್ರಗಳಿಗೆ ತಂತಿ ಹಾಕಿ, ಗಾಳಿ ಹೊಡೆದು ಸ್ವಚ್ಛ ಮಾಡಿ. ಅಲ್ಲಿ ದಶಕಗಳ ಜಿಡ್ಡು ಕಲ್ಲಿನಂತೆ ಕೂತಿರುತ್ತದೆ.

ಮತ್ತೆ ಜೋಡಿಸಿದ ಮೇಲೆ ಫ್ಲೈವೀಲನ್ನು ಸೆಂಟರ್‌ಗಳ ನಡುವೆ ಇಟ್ಟು ಡಯಲ್ ಗೇಜ್‌ನಲ್ಲಿ ನೋಡಬೇಕು. ಎರಡೂ ಕಡೆಯ ಶಾಫ್ಟ್ ಓಲಾಟ 0.05 ಮಿ.ಮೀ. ಒಳಗೆ ಬರಬೇಕು. ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ತರುವ ಕೆಲಸ ಇದು. ‘ಕಣ್ಣಲ್ಲೇ ಗೊತ್ತಾಗುತ್ತೆ ಸಾರ್’ ಅನ್ನುವವರ ಹತ್ತಿರ ಮಾಡಿಸಬೇಡಿ. ಇಲ್ಲಿ ಉಳಿದ ಓಲಾಟ ಮುಂದೆ ಕೈ ಜೋಮು ಹಿಡಿಸುವ ವೈಬ್ರೇಶನ್ ಆಗುತ್ತದೆ, ಮೇನ್ ಬೇರಿಂಗ್ ತಿನ್ನುತ್ತದೆ.

ಇನ್ನು ಆಯಿಲ್ ವಿಷಯ. ಬಿಎಸ್‌ಎಯಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ಪಂಪು ಅದನ್ನು ಎಂಜಿನ್ನಿಗೆ ಕೊಟ್ಟು, ತಳದಿಂದ ಎತ್ತಿ ವಾಪಸ್ ಕಳಿಸುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಟ್ಯಾಂಕಿನ ಆಯಿಲ್ ಪಂಪಿನ ಮೂಲಕ ಮೆಲ್ಲಗೆ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಆಮೇಲೆ ಕಿಕ್ ಹೊಡೆದರೆ ರಸ್ತೆ ತುಂಬ ಹೊಗೆ. ಇದನ್ನು ತಡೆಯುವ ಒಂದು ಸಣ್ಣ ಗುಂಡು, ಸ್ಪ್ರಿಂಗ್ ಒಳಗಿದೆ. ಹೊಸ ಗುಂಡು ಹಾಕಿ, ಅದರ ಸೀಟಿನ ಮೇಲಿಟ್ಟು ಒಮ್ಮೆ ಹದವಾಗಿ ತಟ್ಟಿ ಕೂರಿಸಿ. ಪಂಪಿನ ಗೇರುಗಳ ಎರಡೂ ಮುಖ ಸವೆದಿದ್ದರೆ ಗಾಜಿನ ಮೇಲೆ ಎಮರಿ ಪೇಪರ್ ಹಾಕಿ ಪಂಪಿನ ದೇಹವನ್ನು ಸಮ ಮಾಡಿಸಿ. ಕೆಲವರು ಆಯಿಲ್ ಪೈಪಿಗೆ ಟ್ಯಾಪ್ ಹಾಕುತ್ತಾರೆ. ತೆರೆಯುವುದು ಮರೆತರೆ ಎಂಜಿನ್ ಕತೆ ಮುಗಿಯಿತು. ಹಾಕಲೇಬೇಕು ಅಂದರೆ, ಟ್ಯಾಪ್ ಮುಚ್ಚಿದ್ದಾಗ ಸ್ಪಾರ್ಕ್ ಕಟ್ ಆಗುವ ಸ್ವಿಚ್ ಇರುವುದನ್ನೇ ಹಾಕಿ.

ವಾಪಸ್ ಬರುವ ಪೈಪಿಗೆ ಒಂದು ಪೇಪರ್ ಫಿಲ್ಟರ್ ಸೇರಿಸುವುದು ಈ ಎಂಜಿನ್ನಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ. ಮೂಲದಲ್ಲಿ ಬರೀ ಜಾಲರಿ ಇತ್ತು. ಫಿಲ್ಟರನ್ನು ಪಂಪಿಗೆ ಹೋಗುವ ಕಡೆ ಹಾಕಬೇಡಿ, ಅಲ್ಲಿ ತಡೆಯಾದರೆ ಬೇರಿಂಗ್ ಒಣಗುತ್ತದೆ. ಎಂಜಿನ್ ಪೂರ್ತಿ ಬಿಚ್ಚಿ ತೊಳೆದಿದ್ದರೆ ಈಗಿನ 20ಡಬ್ಲ್ಯೂ 50 ಆಯಿಲ್ ಧಾರಾಳವಾಗಿ ಹಾಕಬಹುದು. ಬಿಚ್ಚದ ಎಂಜಿನ್ನಿಗೆ ಅದೇ ಆಯಿಲ್ ಹಾಕಿದರೆ ಒಳಗಿನ ಹಳೇ ಜಿಡ್ಡೆಲ್ಲ ಎದ್ದು ರಂಧ್ರಗಳಿಗೆ ಹೋಗಿ ಕೂರುತ್ತದೆ.

ಬ್ಯಾರೆಲ್ ಮತ್ತು ಹೆಡ್

ಬೋರಿಂಗ್ ಮಾಡಿಸುವ ಮೊದಲು ಪಿಸ್ಟನ್ ಕೈಯಲ್ಲಿರಬೇಕು. ಪಿಸ್ಟನ್ ತಯಾರಿಸಿದವರು ಹೇಳಿದ ಅಂತರವನ್ನೇ ಬೋರಿಂಗ್ ಅಂಗಡಿಯವರಿಗೆ ಬರೆದು ಕೊಡಿ. ಬಿಗಿ ಇದ್ದರೆ ಬಾಳಿಕೆ ಜಾಸ್ತಿ ಅನ್ನುವ ನಂಬಿಕೆ ನಮ್ಮಲ್ಲಿದೆ. ಕಬ್ಬಿಣದ ಬ್ಯಾರೆಲ್ಲಿನ, ಗಾಳಿಯಲ್ಲೇ ತಣಿಯುವ ಎಂಜಿನ್ನಿಗೆ ಅದು ಸಲ್ಲದು. ಬಿಸಿಯಾದಾಗ ಪಿಸ್ಟನ್ ಹಿಗ್ಗಿ ಜಾಮ್ ಆಗುತ್ತದೆ, ಅದೂ ಘಾಟಿಯ ಮಧ್ಯದಲ್ಲೇ. ಕೊಟ್ಟ ಮಿತಿಯಲ್ಲಿ ಸಡಿಲದ ಕಡೆಗೇ ಇರಲಿ. ರಿಂಗ್ ಗ್ಯಾಪ್‌ಗೆ ಹಳೇ ಲೆಕ್ಕ ಒಂದಿದೆ, ಬೋರಿನ ಪ್ರತಿ ಇಂಚಿಗೆ 4 ಥೌ, ಅಂದರೆ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು. 71 ಮಿ.ಮೀ. ಬೋರಿಗೆ ಅದು ಸುಮಾರು 0.28 ಮಿ.ಮೀ.

ಹೆಡ್ ಕೂಡ ಕಬ್ಬಿಣದ್ದು, ವಾಲ್ವ್ ಬಂದು ಕೂರುವ ಸೀಟು ಅದರಲ್ಲೇ ಕೊರೆದದ್ದು. ಆ ಕಾಲದ ಪೆಟ್ರೋಲಿನಲ್ಲಿದ್ದ ಸೀಸ ಸೀಟು ಸವೆಯದಂತೆ ಕಾಯುತ್ತಿತ್ತು. ನಮ್ಮ ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಊರೊಳಗಿನ ಓಡಾಟಕ್ಕೆ ಇದು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಗಂಟೆಗಟ್ಟಲೆ ಓಡಿಸುವವರು ಎಕ್ಸಾಸ್ಟ್ ಕಡೆಗೆ ಗಟ್ಟಿ ಸೀಟ್ ರಿಂಗ್, ಒಳ್ಳೆಯ ಸ್ಟೀಲಿನ ವಾಲ್ವ್, ಎರಡೂ ಕಡೆ ಹೊಸ ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ) ಹಾಕಿಸಿ. ಗೈಡ್ ಹಾಕಿದ ಮೇಲೆಯೇ ಸೀಟು ಕಟ್ ಮಾಡಬೇಕು, ಮೊದಲೇ ಅಲ್ಲ.

ಮ್ಯಾಗ್ನೆಟೊ

ದಾರಿಯಲ್ಲಿ ನಿಂತ ಹಳೇ ಬ್ರಿಟಿಷ್ ಬೈಕಿನ ಹತ್ತಿರ ಹೋಗಿ ಕೇಳಿ. ‘ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯ್ತು, ಟೀ ಕುಡಿಯೋಕೆ ನಿಲ್ಲಿಸಿದೆ, ಆಮೇಲೆ ಆಗ್ತಾನೇ ಇಲ್ಲ’ ಅನ್ನುತ್ತಾರೆ. ಲೂಕಾಸ್ ಮ್ಯಾಗ್ನೆಟೊದ ಕಾಯಿಲೆ ಇದು. ಒಳಗಿನ ಹಳೇ ಕಂಡೆನ್ಸರ್ ಬಿಸಿಗೆ ಸೋರುತ್ತದೆ, ಕಾಯಿಲ್ ಮೇಲಿನ ಅರಗಿನ ಲೇಪ ಮೆತ್ತಗಾಗುತ್ತದೆ. ತಣ್ಣಗಾದರೆ ಮತ್ತೆ ಸ್ಪಾರ್ಕ್ ಬರುತ್ತದೆ. ಅದಕ್ಕೇ ಅಂಗಳದಲ್ಲಿ ಮಾಡಿದ ಪರೀಕ್ಷೆ ನಂಬಬಾರದು.

ಮ್ಯಾಗ್ನೆಟೊ ಬಿಚ್ಚಿ, ಹೇರ್ ಡ್ರೈಯರ್ ಹಿಡಿದು ಮುಟ್ಟಲಾಗದಷ್ಟು ಬಿಸಿ ಮಾಡಿ. ಬಿಸಿ ಇರುವಾಗಲೇ ಕಿಕ್ ಹೊಡೆದಷ್ಟು ನಿಧಾನಕ್ಕೆ ತಿರುಗಿಸಿ ಸ್ಪಾರ್ಕ್ ನೋಡಿ. ಆಗಲೂ ನೀಲಿ ಕಿಡಿ ಬಂದರೆ ಪಾಸು. ಇಲ್ಲವಾದರೆ ಕಾಯಿಲ್ ಹೊಸದಾಗಿ ಸುತ್ತಿಸಿ, ಈಗಿನ ಕಂಡೆನ್ಸರ್ ಹಾಕಿಸಿ, ಮ್ಯಾಗ್ನೆಟ್ ಚಾರ್ಜ್ ಮಾಡಿಸಬೇಕು. ಮಂಡ್ಯ, ಮೈಸೂರಲ್ಲಿ ಬೋರ್‌ವೆಲ್ ಮೋಟಾರ್ ಸುತ್ತುವ ಅಂಗಡಿಗಳು ಬೇಕಾದಷ್ಟಿವೆ. ಅಲ್ಲಿಗೆ ಕೊಡಬೇಡಿ. ಇದರ ತಂತಿ ಕೂದಲಿಗಿಂತ ತೆಳು, ಸುತ್ತು ಸಾವಿರಾರು. ಮ್ಯಾಗ್ನೆಟೊ ಕೆಲಸವನ್ನೇ ಮಾಡುವವರಿಗೆ ಕಳಿಸಿ. ಈ ಒಂದು ಖರ್ಚಿನಲ್ಲಿ ಜಿಪುಣತನ ಬೇಡ.

ಪಾಯಿಂಟ್ (ಸ್ಪಾರ್ಕ್ ಬರುವ ಹೊತ್ತಿಗೆ ತೆರೆದುಕೊಳ್ಳುವ ಮ್ಯಾಗ್ನೆಟೊದ ಸಂಪರ್ಕ) ಗ್ಯಾಪ್ 0.30 ಮಿ.ಮೀ., ಪ್ಲಗ್ ಗ್ಯಾಪ್ 0.45ರಿಂದ 0.50. ಪ್ಲಗ್ ಕೊಳ್ಳುವಾಗ ಥ್ರೆಡ್ಡಿನ ಉದ್ದ ಅಳೆಯಿರಿ. ಕಬ್ಬಿಣದ ಹೆಡ್ಡಿಗೆ ಅರ್ಧ ಇಂಚು. ಅಂಗಡಿಯವರು ಕೊಟ್ಟ ಉದ್ದ ಪ್ಲಗ್ ಹಾಕಿದರೆ ಅದು ಒಳಗೆ ಚಾಚಿಕೊಂಡು ಪಿಸ್ಟನ್‌ಗೇ ತಾಗಬಹುದು.

ಕಾರ್ಬುರೇಟರ್, ಟ್ಯಾಂಕ್, ಈಗಿನ ಪೆಟ್ರೋಲ್

ಆಮಾಲ್ ಕಾರ್ಬುರೇಟರ್ ಮೆದು ಲೋಹದ್ದು. ಸ್ಲೈಡ್ ಸವೆದರೆ ಗಾಳಿ ಎಳೆಯುತ್ತದೆ, ಐಡಲ್ ನಿಲ್ಲುವುದಿಲ್ಲ. ಎಂಜಿನ್ನಿಗೆ ಕೂರುವ ಫ್ಲ್ಯಾಂಜನ್ನು ಹಿಂದಿನವರು ಬಿಗಿದೂ ಬಿಗಿದೂ ಬಾಗಿಸಿರುತ್ತಾರೆ. ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಬೆಳಕು ಕಂಡರೆ ಗಾಜಿನ ಮೇಲೆ ಎಮರಿ ಹಾಕಿ ಸಮ ಮಾಡಿ. ದೇಹವೇ ಸವೆದಿದ್ದರೆ ಹೊಸದು ತರಿಸುವುದೇ ಲೇಸು.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20ರಷ್ಟು ಎಥೆನಾಲ್. ಎಥೆನಾಲ್ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಮಿಶ್ರಣ ಲೀನ್ ಆಗುತ್ತದೆ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ), ಎಂಜಿನ್ ಬಿಸಿಯೇರುತ್ತದೆ. ಮೇನ್ ಜೆಟ್ ಒಂದೆರಡು ಸೈಜ್ ದೊಡ್ಡದು ಇಟ್ಟುಕೊಂಡು ಶುರು ಮಾಡಿ. ಒಂದಷ್ಟು ದೂರ ಒಂದೇ ಥ್ರಾಟಲ್‌ನಲ್ಲಿ ಓಡಿಸಿ, ಎಂಜಿನ್ ಆಫ್ ಮಾಡಿ ಕ್ಲಚ್ ಹಿಡಿದು ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡಿ. ಬಿಳಿಚಿಕೊಂಡಿದ್ದರೆ ಇನ್ನೂ ದೊಡ್ಡದು ಬೇಕು. ಪೆಟ್ರೋಲ್ ಪೈಪ್ ಎಥೆನಾಲ್ ತಡೆಯುವಂಥದ್ದೇ ಇರಲಿ. ಟ್ಯಾಪಿನ ಹಳೇ ಕಾರ್ಕ್ ತೆಗೆದುಬಿಡಿ. ಟ್ಯಾಂಕಿನ ಒಳಗೆ ಹಳೇ ಕಾಲದ ಸೀಲರ್ ಲೇಪ ಇದ್ದರೆ ಎಥೆನಾಲ್ ಅದನ್ನು ಕರಗಿಸಿ ಜೆಟ್ಟಿಗೆ ತಂದು ಹಾಕುತ್ತದೆ. ತೆಗೆಸಿ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವುದಾದರೆ ಟ್ಯಾಂಕ್, ಫ್ಲೋಟ್ ಎರಡೂ ಖಾಲಿ ಮಾಡಿ. ಇನ್ನು ದುಬಾರಿ ಹೈ ಆಕ್ಟೇನ್ ಪೆಟ್ರೋಲ್ ಆಸೆ ಬೇಡ. ಇದರ ಕಂಪ್ರೆಶನ್ ಸುಮಾರು 6.5ಕ್ಕೆ 1. ಮಾಮೂಲಿ ಪೆಟ್ರೋಲಿನ ಆಕ್ಟೇನ್ ಧಾರಾಳ ಸಾಕು.

ಗೇರ್‌ಬಾಕ್ಸ್, ಬ್ರೇಕ್, ಚಕ್ರ

ಬಿಎಸ್‌ಎ ಗೇರ್‌ಬಾಕ್ಸ್ ಗಟ್ಟಿ. ಬುಷ್, ಬೇರಿಂಗ್, ಸೀಲ್ ಬದಲಿಸಿ ಮುಚ್ಚಿ. ಕ್ಲಚ್ ಸ್ಪ್ರಿಂಗುಗಳನ್ನು ಒಂದೇ ಸಮ ಬಿಗಿಯಿರಿ, ಕ್ಲಚ್ ಹಿಡಿದು ಕಿಕ್ ಒತ್ತಿದಾಗ ಪ್ಲೇಟ್ ಓಲಾಡದೆ ತಿರುಗಬೇಕು.

ಬ್ರೇಕ್ ಕಡೆ ಗಮನ ಜಾಸ್ತಿ ಇರಲಿ. ಇದು ಡ್ರಮ್ ಬ್ರೇಕ್, ಈಗಿನ ಡಿಸ್ಕ್ ಬ್ರೇಕ್ ತರ ಹಿಡಿಯುವುದಿಲ್ಲ. ಆದರೆ ಸರಿಯಾಗಿ ಮಾಡಿದರೆ ನಂಬಬಹುದು. ಮೊದಲು ಸ್ಪೋಕ್ ಕಟ್ಟಿಸಿ, ಆಮೇಲೆ ಡ್ರಮ್ಮನ್ನು ಚಕ್ರದ ಸಮೇತ ಲೇತಿನಲ್ಲಿ ತಿರುಗಿಸಿ. ಸ್ಪೋಕ್ ಎಳೆತಕ್ಕೆ ಡ್ರಮ್ ಸ್ವಲ್ಪ ಅಂಡಾಕಾರ ಆಗುವುದರಿಂದ ಈ ಕ್ರಮ. ಮೆದು ಲೈನಿಂಗ್ ಹಾಕಿಸಿ, ಅದರ ಮುಂದಿನ ಅಂಚನ್ನು ಇಳಿಜಾರಾಗಿ ಉಜ್ಜಿ. ಚಕ್ರ ಹಾಕುವಾಗ ಬ್ರೇಕ್ ಲಿವರ್ ಹಿಡಿದುಕೊಂಡೇ ಆಕ್ಸಲ್ ನಟ್ ಬಿಗಿದರೆ ಶೂಗಳು ನಟ್ಟನಡುವೆ ಕೂರುತ್ತವೆ.

ಟೈರ್ ಚಿಂತೆ ಇಲ್ಲ. 3.25-19 ಅಳತೆಯ ಟೈರ್ ಬುಲೆಟ್‌ಗೂ ಹೊಂದುವುದರಿಂದ ಎಲ್ಲ ಊರಲ್ಲೂ ಸಿಗುತ್ತದೆ. ಟ್ಯೂಬ್ ಮಾತ್ರ ಒಳ್ಳೆಯದಿರಲಿ. ಎರಡು ಚಕ್ರ ಒಂದೇ ಸಾಲಿನಲ್ಲಿವೆಯಾ ಅಂತ ದಾರ ಎಳೆದು ನೋಡಿ. ಹ್ಯಾಂಡಲ್ ಬೇರಿಂಗ್ ಗುಂಡುಗಳು, ಹಿಂದಿನ ಸಸ್ಪೆನ್ಶನ್ ಬುಷ್ ಎರಡನ್ನೂ ಹೊಸದು ಮಾಡಿ.

ಕರೆಂಟ್ ಮತ್ತು ಕೇಬಲ್

ಮೂಲ ಗಾಡಿಯದ್ದು 6 ವೋಲ್ಟ್, ಡೈನಮೊ 60 ವ್ಯಾಟ್. ಹೆಡ್‌ಲೈಟ್ ಬೆಳಕಲ್ಲಿ ಹಂಪ್ ಕಾಣುವುದು ಅದನ್ನು ಹತ್ತಿದ ಮೇಲೆಯೇ. ಹಳೇ ರೆಗ್ಯುಲೇಟರ್ ತೆಗೆದು 12 ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದರೆ ಅದೇ ಡೈನಮೊ 12 ವೋಲ್ಟ್ ಕೊಡುತ್ತದೆ. ಚಾರ್ಜಿಂಗ್ ಶುರುವಾಗುವುದು ಮಾತ್ರ ಸ್ವಲ್ಪ ಹೆಚ್ಚು ವೇಗದಲ್ಲಿ. ಎಲ್‌ಇಡಿ ಬಲ್ಬ್ ಹಾಕಿದರೆ ಇಷ್ಟು ಕರೆಂಟ್ ಸಾಕು. 1950ರ ದಶಕದ ಹೆಚ್ಚಿನ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಫ್ರೇಮಿಗೆ ಅರ್ತ್ ಆಗಿರುತ್ತದೆ. ನೋಡದೆ ಎಲ್‌ಇಡಿ, ಮೊಬೈಲ್ ಚಾರ್ಜರ್ ಕೊಟ್ಟರೆ ಸುಟ್ಟುಹೋಗುತ್ತವೆ. ವೈರಿಂಗ್ ಪೂರ್ತಿ ಹೊಸದು ಎಳೆಯಿರಿ, ಫ್ಯೂಸ್ ಹಾಕಿ, ಬ್ರೇಕ್ ಲೈಟ್ ಪ್ರಕಾಶಮಾನವಾಗಿರಲಿ. ಹಿಂದೆ ಬರುವ ಕಾರಿನವರಿಗೆ ನೀವು ಇಷ್ಟು ನಿಧಾನ ಅಂತ ಗೊತ್ತಿರುವುದಿಲ್ಲ. ಮ್ಯಾಗ್ನೆಟೊ ಇರುವುದರಿಂದ ಬ್ಯಾಟರಿ ಸತ್ತರೂ ಎಂಜಿನ್ ಓಡುತ್ತದೆ. ಇದಕ್ಕೇ ನನಗೆ ಎಲೆಕ್ಟ್ರಾನಿಕ್ ಇಗ್ನಿಶನ್ ಇಷ್ಟವಿಲ್ಲ.

ಕ್ಲಚ್ ಕೇಬಲ್ ಪಕ್ಕದಲ್ಲೇ ಇನ್ನೊಂದು ಹೊಸ ಕೇಬಲ್ ಎಳೆದು ಟೈ ಕಟ್ಟಿಬಿಡಿ. ತುಂಡಾದರೆ ಎರಡು ತುದಿ ಬದಲಿಸಿದರಾಯಿತು, ಟ್ಯಾಂಕ್ ಎತ್ತಬೇಕಾಗಿಲ್ಲ. ಲಗೇಜನ್ನು ಮಡ್‌ಗಾರ್ಡ್ ಮೇಲೆ ಹೇರಬೇಡಿ, ಸೀಳು ಬಿಡುತ್ತದೆ. ಫ್ರೇಮಿಗೆ ಬೋಲ್ಟ್ ಆಗುವ ಕ್ಯಾರಿಯರ್ ಮಾಡಿಸಿ, ಭಾರ ಕೆಳಗಿರಲಿ.

ರನ್-ಇನ್ ಮತ್ತು ಪರೀಕ್ಷೆ

ಮೊದಲ ಸಲ ಸ್ಟಾರ್ಟ್ ಆದ ಕೂಡಲೇ ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ವಾಪಸ್ ಪೈಪಿನಲ್ಲಿ ಆಯಿಲ್ ಬರಬೇಕು. ಒಂದು ನಿಮಿಷದಲ್ಲಿ ಬರದಿದ್ದರೆ ಆಫ್ ಮಾಡಿ ಕಾರಣ ಹುಡುಕಿ.

ಮೊದಲ ದಿನಗಳು, ಹೊಸ ಭಾಗಗಳು ಒಂದಕ್ಕೊಂದು ಹೊಂದುವವರೆಗೆ, ರಿಂಗ್ ರೋಡಲ್ಲೇ. ಒಂದೇ ವೇಗದಲ್ಲಿ ಹೋಗಬೇಡಿ, ಏರಿಸಿ ಇಳಿಸಿ ಓಡಿಸಿ. ಟಾಪ್ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುವಂತೆ ಎಳೆಸಬೇಡಿ. ನೂರೈವತ್ತು ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಹೆಡ್ ಬೋಲ್ಟ್ ಮತ್ತೆ ಬಿಗಿದು ಟ್ಯಾಪೆಟ್ (ವಾಲ್ವ್) ಗ್ಯಾಪ್ ನೋಡಿ. ಮುಂದಿನ ಪರೀಕ್ಷೆ ಚಾಮುಂಡಿ ಬೆಟ್ಟ. ಮೇಲೆ ಹತ್ತಿ, ಬಿಸಿ ಇರುವಾಗಲೇ ಆಫ್ ಮಾಡಿ, ಐದು ನಿಮಿಷ ಬಿಟ್ಟು ಕಿಕ್ ಹೊಡೆಯಿರಿ. ಮ್ಯಾಗ್ನೆಟೊ ಕೆಲಸ ಸರಿಯಾಗಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಇಳಿಯುವಾಗ ಬ್ರೇಕ್ ಬಿಸಿಯಾದ ಮೇಲೂ ಹಿಡಿಯುತ್ತಾ ನೋಡಿ.

ಆಮೇಲೆ ಶ್ರೀರಂಗಪಟ್ಟಣ, ಪಾಂಡವಪುರ ಮೇಲೆ ಮೇಲುಕೋಟೆಗೆ ಹೋಗಿ ಬನ್ನಿ. ಬೆಂಗಳೂರು ಕಡೆಗಾದರೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕ್‌ಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಈ ಗಾಡಿಗೆ ಅದೇ ಹಿತ. ಮದ್ದೂರಲ್ಲಿ ವಡೆ ತಿನ್ನುವಷ್ಟು ಹೊತ್ತು ಎಂಜಿನ್ನಿಗೂ ವಿಶ್ರಾಂತಿ. ಇದೆಲ್ಲ ಪಾಸಾದರೆ ಊಟಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಕಾಡಿನ ಮಧ್ಯೆ ಗಾಡಿ ನಿಲ್ಲಿಸಿ ರಿಪೇರಿ ಮಾಡುವ ಹಾಗೂ ಇಲ್ಲ. ಹಾಗಾಗಿ ಗುಂಡ್ಲುಪೇಟೆಯಲ್ಲೇ ಆಯಿಲ್, ಚೈನ್, ನಟ್ಟುಗಳನ್ನು ನೋಡಿಕೊಂಡು ಮುಂದೆ ಹೋಗಿ. ಸಮತಟ್ಟಿನಲ್ಲಿ ಗಂಟೆಗೆ 60ರಿಂದ 70 ಕಿ.ಮೀ. ಸಾಕು. ಅದಕ್ಕಿಂತ ಮೇಲೆ ಓಡುತ್ತದೆ, ಆದರೆ ಬಿಸಿಲಲ್ಲಿ ದಿನವಿಡೀ ಓಡಿಸುವ ವೇಗ ಅದಲ್ಲ.

ಜೊತೆಗೆ ಇರಬೇಕಾದದ್ದು: ವಿಟ್‌ವರ್ತ್ ಪಾನಾಗಳು, ಎರಡು ಪ್ಲಗ್, ಪಾಯಿಂಟ್ ಸೆಟ್, ಫೀಲರ್ ಗೇಜ್, ಥ್ರಾಟಲ್ ಕೇಬಲ್, ತುಂಡಾದ ಕೇಬಲ್ ತುದಿಗೆ ಹಾಕುವ ಸ್ಕ್ರೂ ನಿಪ್ಪಲ್, ಚೈನ್ ಲಿಂಕ್, ಟ್ಯೂಬ್, ಟೈರ್ ಲಿವರ್, ಪಂಪು, ಒಂದು ಲೀಟರ್ ಆಯಿಲ್, ಫ್ಯೂಸ್, ಇನ್ಸುಲೇಶನ್ ಟೇಪ್, ಬೈಂಡಿಂಗ್ ವೈರ್. ಟೂಲ್ ಬಾಕ್ಸ್ ತುಂಬಿದರೆ ಮೊದಲು ಬಟ್ಟೆ ಕಡಿಮೆ ಮಾಡಿ. ವಾಪಸ್ ಬಂದ ಮರುದಿನ, ಗಾಡಿ ತೊಳೆಯುವ ಮೊದಲು, ಎಲ್ಲೆಲ್ಲಿ ಆಯಿಲ್ ಜಿನುಗಿದೆ ಅಂತ ಟಾರ್ಚ್ ಹಿಡಿದು ಗುರುತು ಮಾಡಿಕೊಳ್ಳಿ. ತೊಳೆದ ಮೇಲೆ ಏನೂ ಕಾಣುವುದಿಲ್ಲ.